ಸಾವಿರ ಪ್ರೊಸೆಸರು, ಒಂದು ಸುಣ್ಣದ ಗೆರೆ

1983ರಲ್ಲಿ ಗುಡ್‌ಇಯರ್ ಕಂಪನಿ (ಹೌದು, ಟಯರು ಮಾಡುವ ಅದೇ ಕಂಪನಿ) ತನ್ನ ವೈಮಾನಿಕ ವಿಭಾಗದ ಮೂಲಕ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಒಂದು ವಿಚಿತ್ರ ಕಂಪ್ಯೂಟರ್ ಕಟ್ಟಿಕೊಟ್ಟಿತು. ಅದರ ಹೊಟ್ಟೆಯೊಳಗೆ 16,384 ಪ್ರೊಸೆಸರುಗಳಿದ್ದವು. ಅಡ್ಡಕ್ಕೆ 128, ಉದ್ದಕ್ಕೆ 128. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಪೆದ್ದು: ಒಂದು ಸಲಕ್ಕೆ ಒಂದೇ ಬಿಟ್ ಮೇಲೆ ಕೆಲಸ, ಸ್ವಂತ ಮೆಮೊರಿ 1,024 ಬಿಟ್, ಮಾತುಕತೆ ನಾಲ್ಕು ಮಗ್ಗುಲಿನ ನೆರೆಯವರ ಜೊತೆಗೆ ಮಾತ್ರ. ಎಲ್ಲಕ್ಕೂ ಒಂದೇ ಹೊತ್ತಿಗೆ ಒಂದೇ ಆಜ್ಞೆ. ‘ಮ್ಯಾಸಿವ್ಲಿ ಪ್ಯಾರಲಲ್ ಪ್ರೊಸೆಸರ್’ ಎಂದು ಅದಕ್ಕೆ ಹೆಸರಿಟ್ಟರು. ಇಂಥ ಯಂತ್ರ ಬೇಕಾದದ್ದು ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಆಕಾಶದಿಂದ ಕಳಿಸುತ್ತಿದ್ದ ಚಿತ್ರಗಳನ್ನು ಅರಗಿಸಿಕೊಳ್ಳಲು. ಚಿತ್ರವೆಂದರೆ ಪಿಕ್ಸೆಲುಗಳ ಚೌಕಜಾಲ; ಹಾಗಾಗಿ ಯಂತ್ರವನ್ನೂ ಚೌಕಜಾಲವಾಗಿಯೇ ಕಟ್ಟಿದರು.

ಇವತ್ತಿನ ಗ್ರಾಫಿಕ್ಸ್ ಕಾರ್ಡುಗಳ ಪೂರ್ವಜರನ್ನು ಹುಡುಕುವವರು ಸಾಮಾನ್ಯವಾಗಿ ವಿಡಿಯೊ ಗೇಮುಗಳತ್ತ ಬೆರಳು ತೋರುತ್ತಾರೆ. ವ್ಯಾಪಾರದ ಮಟ್ಟಿಗೆ ಅದು ಸರಿ. ಆದರೆ ಮೇಲಿನಿಂದ ತೆಗೆದ ಚಿತ್ರ ಮತ್ತು ಸಮಾಂತರ ಗಣನೆ ಇವೆರಡರ ಒಡನಾಟ ಅದಕ್ಕಿಂತ ಹಳೆಯದು. ಈ ಒಡನಾಟದಿಂದ ಹುಟ್ಟಿದ ವೇಗದ ಬಗ್ಗೆ ನಮ್ಮಲ್ಲಿ ಬಹಳ ಉತ್ಸಾಹವಿದೆ. ಡ್ರೋನ್ ಹಾರಿಸಿದರಾಯಿತು, ಉಪಗ್ರಹದ ಚಿತ್ರ ತಂದರಾಯಿತು, ಮನೆ, ಮರ, ಲಾರಿ, ಒತ್ತುವರಿ ಎಲ್ಲವನ್ನೂ ಯಂತ್ರವೇ ಎಣಿಸಿಬಿಡುತ್ತದೆ ಎಂಬ ಮಾತು ಸರ್ಕಾರಿ ಸಭೆಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಯಂತ್ರ ಎಣಿಸುವುದು ನಿಜ. ನನ್ನ ತಕರಾರು ಬೇರೆ. ಸಮಾಂತರ ಯಂತ್ರ ಕೆಲಸವನ್ನು ಹಂಚುತ್ತದೆ, ಆದರೆ ಹಂಚಲಾಗದ ಒಂದಿಷ್ಟು ಕೆಲಸವನ್ನು ಕೊನೆಗೆ ತಳ್ಳುತ್ತದೆ. ತಪ್ಪು ನಡೆಯುವುದೂ ನ್ಯಾಯ ತೀರ್ಮಾನವಾಗುವುದೂ ಆ ಉಳಿಕೆಯಲ್ಲಿ. ನಾವು ದುಡ್ಡು ಸುರಿಯುತ್ತಿರುವುದು ಮಾತ್ರ ಹಂಚಲು ಬರುವ ಭಾಗಕ್ಕೆ.

ಯಂತ್ರದ ಒಳಗನ್ನು ಸ್ವಲ್ಪ ನೋಡದೆ ಈ ವಾದ ನಿಲ್ಲುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಸಣ್ಣ ಗಣಕ ಘಟಕಗಳಿರುತ್ತವೆ. ಎನ್ವಿಡಿಯಾ ಕಾರ್ಡುಗಳಲ್ಲಿ ಅವು 32ರ ತಂಡಗಳಾಗಿ ಹೆಜ್ಜೆ ಹಾಕುತ್ತವೆ; ತಂಡಕ್ಕೆಲ್ಲ ಒಂದೇ ಆಜ್ಞೆ. ಭತ್ತದ ನಾಟಿಯಲ್ಲಿ ಹೆಂಗಸರು ಸಾಲಾಗಿ ನಿಂತು ಒಂದೇ ಲಯದಲ್ಲಿ ಹಿಂದೆ ಸರಿಯುತ್ತಾರಲ್ಲ, ಹಾಗೆ. ಲಯ ಒಂದೇ ಆಗಿರುವವರೆಗೆ ಕೆಲಸ ಸರಸರ ಸಾಗುತ್ತದೆ. ಸಾಲಿನಲ್ಲಿ ಅರ್ಧ ಜನ ‘ಹೀಗಾದರೆ ಎಡಕ್ಕೆ’ ಎಂದೂ ಉಳಿದರ್ಧ ‘ಹಾಗಾದರೆ ಬಲಕ್ಕೆ’ ಎಂದೂ ತಿರುಗಬೇಕಾದರೆ ಒಂದು ಗುಂಪು ನಡೆಯುವಾಗ ಇನ್ನೊಂದು ಸುಮ್ಮನೆ ನಿಲ್ಲಬೇಕು. ಅಂದರೆ ಈ ಯಂತ್ರಕ್ಕೆ ಗುಣಾಕಾರ ಸಂಕಲನ ಎಷ್ಟು ಬೇಕಾದರೂ ಕೊಡಿ, ‘ಇದು ಹೌದೋ ಅಲ್ಲವೋ’ ಎಂಬ ಕವಲುಗಳನ್ನು ಮಾತ್ರ ಹೆಚ್ಚು ಕೊಡಬೇಡಿ.

ಚಿತ್ರದಲ್ಲಿ ವಸ್ತು ಹುಡುಕುವ ಕೆಲಸದ ಬಹುಪಾಲು ಇಂಥ ಗುಣಾಕಾರವೇ. ಒಂದು ಸಣ್ಣ ಅಂಕಿ-ಚೌಕವನ್ನು ಚಿತ್ರದ ಮೇಲೆಲ್ಲ ಇಟ್ಟು, ಕೆಳಗಿನ ಪಿಕ್ಸೆಲುಗಳ ಜೊತೆ ಗುಣಿಸಿ ಕೂಡಿಸುವುದು. ಒಂದು ಜಾಗದ ಲೆಕ್ಕಕ್ಕೂ ಪಕ್ಕದ ಜಾಗದ ಲೆಕ್ಕಕ್ಕೂ ಸಂಬಂಧವಿಲ್ಲ. 2012ರಲ್ಲಿ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸಟ್ಸ್‌ಕೆವರ್, ಜೆಫ್ರಿ ಹಿಂಟನ್ ಮೂವರೂ ಸೇರಿ ಕಟ್ಟಿದ ನರಜಾಲ (ನ್ಯೂರಲ್ ನೆಟ್‌ವರ್ಕ್) ಇಮೇಜ್‌ನೆಟ್ ಎಂಬ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಗೇಮ್ ಆಡುವವರು ಕೊಳ್ಳುವ ಎರಡು ಜಿಟಿಎಕ್ಸ್ 580 ಕಾರ್ಡುಗಳ ಬಲದಿಂದ. ಎರಡು ಏಕೆಂದರೆ ಒಂದರ 3 ಜಿಬಿ ಮೆಮೊರಿ ಸಾಲಲಿಲ್ಲ. ಆಮೇಲೆ ವೇಗ ನಾಗಾಲೋಟ. 2014ರ ಆರ್-ಸಿಎನ್‌ಎನ್ ಎಂಬ ವಿಧಾನ, ಆಳದ ನರಜಾಲ ಹಾಕಿದರೆ, ಒಂದು ಚಿತ್ರಕ್ಕೆ 47 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಜೋಸೆಫ್ ರೆಡ್ಮನ್ ಮತ್ತು ಸಂಗಡಿಗರ ‘ಯೋಲೋ’ ಎರಡೇ ವರ್ಷದಲ್ಲಿ ಒಂದು ಸೆಕೆಂಡಿಗೆ 45 ಚಿತ್ರ ನೋಡತೊಡಗಿತು. ಈ ಜಿಗಿತಕ್ಕೆ ಕಾರಣ ಚಿಪ್ಪಿಗಿಂತ ಹೆಚ್ಚಾಗಿ ಅಲ್ಗಾರಿದಮ್ಮು. ಎರಡು ಸಾವಿರ ಅನುಮಾನದ ಜಾಗಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದನ್ನು ಬಿಟ್ಟು, ಚಿತ್ರವನ್ನು 7ಕ್ಕೆ 7 ಕೋಣೆಗಳಾಗಿ ಒಡೆದು ಒಂದೇ ಸಲ ನೋಡಿಬಿಡುವ ಉಪಾಯ ಅದು.

ಈ ಉಪಾಯವನ್ನು ಆಕಾಶದ ಚಿತ್ರಕ್ಕೆ ನೇರವಾಗಿ ಹಚ್ಚಿದರೆ ಎಡವುತ್ತೇವೆ. ಬೆಂಗಳೂರಿನಲ್ಲಿ ರೂಪುಗೊಂಡು 2019ರ ನವೆಂಬರಿನಲ್ಲಿ ಮೇಲೇರಿದ ಕಾರ್ಟೊಸ್ಯಾಟ್-3 ಉಪಗ್ರಹ 16 ಕಿಲೋಮೀಟರ್ ಅಗಲದ ಪಟ್ಟಿಯನ್ನು 25 ಸೆಂಟಿಮೀಟರ್ ಸೂಕ್ಷ್ಮತೆಯಲ್ಲಿ ಕಪ್ಪುಬಿಳುಪಿನಲ್ಲಿ ನೋಡಬಲ್ಲದು. ಅಡ್ಡಕ್ಕೆ 64,000 ಪಿಕ್ಸೆಲ್ ಆಯಿತು. ಅಷ್ಟೇ ಉದ್ದದ ಚೌಕ ತೆಗೆದುಕೊಂಡರೆ 400 ಕೋಟಿಗೂ ಹೆಚ್ಚು. ನಾಲ್ಕೂವರೆ ಮೀಟರಿನ ಕಾರು ಅದರಲ್ಲಿ 18 ಪಿಕ್ಸೆಲ್ ಉದ್ದದ ಒಂದು ಚುಕ್ಕೆ. ಮೊದಲ ಯೋಲೋ ತೆಗೆದುಕೊಳ್ಳುತ್ತಿದ್ದ 448 ಪಿಕ್ಸೆಲಿನ ಅಳತೆಗೆ ಇಡೀ ಚಿತ್ರವನ್ನು ಕುಗ್ಗಿಸಿದರೆ ಕಾರು ಒಂದು ಪಿಕ್ಸೆಲಿನ ಎಂಟನೇ ಒಂದು ಭಾಗವಾಗುತ್ತದೆ. ಅಂದರೆ ಇಲ್ಲವಾಗುತ್ತದೆ. ಹೀಗಾಗಿ ಚಿತ್ರವನ್ನು ತುಂಡು ಮಾಡಲೇಬೇಕು. 640 ಪಿಕ್ಸೆಲಿನ ಚೌಕ ತುಂಡುಗಳೆಂದರೆ ಸರಿಯಾಗಿ 10,000. ಒಂದೊಂದು ತುಂಡನ್ನು ಒಂದೊಂದು ಕಾರ್ಡಿಗೆ ಕೊಟ್ಟರಾಯಿತು, ಸಮಾಂತರ ಗಣನೆಗೆ ಇದಕ್ಕಿಂತ ಸುಲಭದ ಕೆಲಸ ಇಲ್ಲ ಎನ್ನಿಸುತ್ತದೆ.

ಎನ್ನಿಸುವುದು ಅಷ್ಟೇ. ತುಂಡು ಮಾಡುವ ಗೆರೆ ಯಾವುದೋ ಬಸ್ಸಿನ ನಡುವೆ ಹಾದು ಹೋಗಿರುತ್ತದೆ. ಮುಂಭಾಗ ಒಂದು ತುಂಡಿನಲ್ಲಿ, ಹಿಂಭಾಗ ಇನ್ನೊಂದರಲ್ಲಿ. ಎರಡೂ ಕಡೆ ಯಂತ್ರಕ್ಕೆ ಅದು ಬಸ್ಸಲ್ಲ, ಇಲ್ಲವೇ ಎರಡೂ ಕಡೆ ಬಸ್ಸು. ಇದಕ್ಕೆ ಎಲ್ಲರೂ ಮಾಡುವ ಪರಿಹಾರ, ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯಿಸುವುದು. ಐದನೇ ಒಂದು ಭಾಗ, ಅಂದರೆ 128 ಪಿಕ್ಸೆಲ್ ಹಾಯಿಸಿದರೆ ನೆಲದ ಮೇಲೆ 32 ಮೀಟರ್. ಯಾವ ಬಸ್ಸೂ ಲಾರಿಯೂ ಒಂದಲ್ಲ ಒಂದು ತುಂಡಿನಲ್ಲಿ ಇಡಿಯಾಗಿ ಸಿಗುತ್ತದೆ. ಆದರೆ ತುಂಡುಗಳ ಸಂಖ್ಯೆ 10,000ದಿಂದ ಸುಮಾರು 15,600ಕ್ಕೆ ಏರುತ್ತದೆ. ನೂರಕ್ಕೆ 56ರಷ್ಟು ದಂಡ! ನೋಡಿದ್ದನ್ನೇ ಮತ್ತೆ ನೋಡುವುದಕ್ಕೆ ಕೊಟ್ಟ ವಿದ್ಯುತ್ತು.

ಸಮಾಂತರ ಗಣನೆಯ ಸ್ವಭಾವವೇ ಇದು. ಕೆಲಸವನ್ನು ಹೆಚ್ಚು ಮಾಡಿ ಸಮಯವನ್ನು ಕಡಿಮೆ ಮಾಡುವುದು. ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. 3, 1, 4, 2, 5, 1, 2, 6 ಎಂಬ ಎಂಟು ಅಂಕಿಗಳ ಏರುಮೊತ್ತ ಬೇಕು. ಅಂಗಡಿಯವರು ಮಾಡುವ ಹಾಗೆ ಮಾಡಿದರೆ 3, 4, 8, 10, 15, 16, 18, 24. ಒಂದಾದ ಮೇಲೊಂದು, ಏಳು ಸಂಕಲನ, ಏಳು ಹೆಜ್ಜೆ. ಹಿಂದಿನ ಮೊತ್ತ ಗೊತ್ತಿಲ್ಲದೆ ಮುಂದಿನದು ಬರುವುದಿಲ್ಲ, ಹಾಗಾಗಿ ಇದನ್ನು ಹಂಚಲಾಗದು ಎಂದೇ ತೋರುತ್ತದೆ. ಈಗ ಎಂಟು ಜನರನ್ನು ಸಾಲಾಗಿ ಕೂರಿಸಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಎಡಪಕ್ಕದವರ ಅಂಕಿಯನ್ನು ತಮ್ಮದಕ್ಕೆ ಕೂಡಿಸಲಿ: 3, 4, 5, 6, 7, 6, 3, 8. ಎರಡನೇ ಸುತ್ತಿನಲ್ಲಿ ಎರಡು ಸ್ಥಾನ ಆಚೆಯವರದು: 3, 4, 8, 10, 12, 12, 10, 14. ಮೂರನೇ ಸುತ್ತಿನಲ್ಲಿ ನಾಲ್ಕು ಸ್ಥಾನ ಆಚೆಯವರದು: 3, 4, 8, 10, 15, 16, 18, 24. ಮೂರೇ ಹೆಜ್ಜೆಯಲ್ಲಿ ಉತ್ತರ ಬಂತು, ಆದರೆ ಏಳರ ಬದಲು 17 ಸಂಕಲನ ಮಾಡಿದ್ದಾಯಿತು. ಡ್ಯಾನಿಯಲ್ ಹಿಲಿಸ್ ಮತ್ತು ಗೈ ಸ್ಟೀಲ್ 1986ರಲ್ಲಿ ವಿವರಿಸಿದ ಈ ಚಮತ್ಕಾರ ಬರೀ ಆಟವಲ್ಲ. ನರಜಾಲಗಳಿಗಿಂತ ಮೊದಲು, 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್ ಮುಖ ಗುರುತಿಸುವ ಅಲ್ಗಾರಿದಮ್ ಬರೆದಾಗ ಅದರ ತಳಹದಿ ಚಿತ್ರದ ಏರುಮೊತ್ತದ ಕೋಷ್ಟಕವೇ ಆಗಿತ್ತು. ಅದೊಂದಿದ್ದರೆ ಎಷ್ಟೇ ದೊಡ್ಡ ಆಯತದ ಮೊತ್ತವನ್ನೂ ನಾಲ್ಕು ಅಂಕಿ ನೋಡಿ ಹೇಳಬಹುದು. ಜಾಣತನ ಇದ್ದರೆ ಹಂಚಲಾಗದು ಎನ್ನಿಸಿದ್ದನ್ನೂ ಹಂಚಬಹುದು ಎಂಬುದಕ್ಕೆ ಇದು ನಿದರ್ಶನ. ಎಲ್ಲ ಕಡೆ ಈ ಜಾಣತನ ನಡೆಯುವುದಿಲ್ಲ ಎಂಬುದೇ ನನ್ನ ಮುಂದಿನ ಮಾತು.

ಯಂತ್ರ ಒಂದೇ ಲಾರಿಯನ್ನು ಹತ್ತು ಸಲ ಕಾಣುತ್ತದೆ. ಒಂದೊಂದು ಸಲ ಒಂದೊಂದು ಚೌಕಟ್ಟು ಹಾಕಿ, ‘ಇದು ಲಾರಿ, ಭರವಸೆ 0.91’, ‘ಇದೂ ಲಾರಿ, 0.84’ ಎನ್ನುತ್ತದೆ. ಇವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಬೇಕು. ಭರವಸೆಯ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನದನ್ನು ಆರಿಸಿ, ಅದರ ಮೇಲೆ ಅರ್ಧಕ್ಕಿಂತ ಹೆಚ್ಚು ಹಾಯ್ದಿರುವವನ್ನು ಹೊಡೆದುಹಾಕಿ, ಉಳಿದವುಗಳಲ್ಲಿ ಮೇಲಿನದನ್ನು ಆರಿಸಿ, ಹೀಗೆ. ಒಂದು ತೀರ್ಮಾನ ಆಗದೆ ಇನ್ನೊಂದು ಆಗದು. ಕೋಟಿಗಟ್ಟಲೆ ಗುಣಾಕಾರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ ಯಂತ್ರ ಇಲ್ಲಿ ಸರದಿಯಲ್ಲಿ ನಿಲ್ಲುತ್ತದೆ.

ನವಮಂಗಳೂರು ಬಂದರಿನ ಹೊರಗೆ 16 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಟ್ರೇಲರುಗಳು ಮಗ್ಗುಲು ಮಗ್ಗುಲಿಗೆ, ಚಿತ್ರದ ಅಂಚಿಗೆ 45 ಡಿಗ್ರಿ ಓರೆಯಾಗಿ ನಿಂತಿವೆ ಎಂದುಕೊಳ್ಳಿ. ನೇರ ಚೌಕಟ್ಟು ಹಾಕಿದರೆ ಒಂದೊಂದಕ್ಕೂ 13 ಮೀಟರ್ ಚೌಕ ಬೇಕು. ಟ್ರೇಲರಿನ ವಿಸ್ತೀರ್ಣ 40 ಚದರ ಮೀಟರ್, ಚೌಕಟ್ಟಿನದು 170. ನಡುವಿನಿಂದ ನಡುವಿಗೆ ಮೂರು ಮೀಟರ್ ದೂರವಿದ್ದರೂ ಪಕ್ಕದ ಎರಡು ಚೌಕಟ್ಟುಗಳು ಒಂದರ ಮೇಲೊಂದು ಹಾಯುವ ಪ್ರಮಾಣ ನೂರಕ್ಕೆ 54. ಅರ್ಧ ದಾಟಿತಲ್ಲ, ಎರಡನೇ ಟ್ರೇಲರು ಹೊಡೆತ ತಿಂದಿತು. ನಿಜವಾಗಿ ನಿಂತಿರುವ ವಾಹನವನ್ನು ಯಂತ್ರ ಸರಿಯಾಗಿಯೇ ನೋಡಿ, ಆಮೇಲೆ ನಕಲು ಎಂದು ಅಳಿಸಿತು. ಚೀನಾದ ವುಹಾನ್ ವಿಶ್ವವಿದ್ಯಾಲಯದವರು ಮುಂದೆ ನಿಂತು 2018ರಲ್ಲಿ ‘ಡೋಟಾ’ ಎಂಬ ಚಿತ್ರಸಂಗ್ರಹ ಸಿದ್ಧಪಡಿಸಿದಾಗ 2,806 ಚಿತ್ರಗಳಲ್ಲಿದ್ದ 1,88,282 ವಸ್ತುಗಳಿಗೆ ಓರೆ ಚೌಕಟ್ಟು ಹಾಕಿದ್ದು ಈ ತೊಂದರೆಯಿಂದಲೇ. ಓರೆ ಚೌಕಟ್ಟು ಸಮಸ್ಯೆ ಬಿಡಿಸಿತು, ಆದರೆ ಎರಡು ಓರೆ ಆಯತಗಳು ಎಷ್ಟು ಹಾಯುತ್ತವೆಂಬ ಲೆಕ್ಕ ಬರೀ ಗುಣಾಕಾರವಲ್ಲ. ಮೂಲೆ ಒಳಗಿದೆಯೇ, ಅಂಚು ಅಂಚನ್ನು ಕತ್ತರಿಸುತ್ತದೆಯೇ ಎಂಬ ಕವಲುಗಳ ಸರಮಾಲೆ. 32ರ ತಂಡಕ್ಕೆ ಬೇಡವಾದದ್ದೇ ಅದು.

ಡೋಟಾದ 15 ವರ್ಗಗಳ ಪಟ್ಟಿ ಓದುವುದೂ ಸ್ವಾರಸ್ಯ. ವಿಮಾನ, ಹಡಗು, ಸೇತುವೆ, ಎಣ್ಣೆ ಟ್ಯಾಂಕು, ಈಜುಕೊಳ, ಟೆನಿಸ್ ಅಂಗಳ, ಬೇಸ್‌ಬಾಲ್ ಮೈದಾನ. ಹುಲ್ಲಿನ ಬಣವೆ ಇಲ್ಲ, ಒಕ್ಕಣೆಯ ಕಣ ಇಲ್ಲ, ಕಲ್ಯಾಣಿ ಇಲ್ಲ. ಇದನ್ನಷ್ಟೇ ಕಲಿತ ಯಂತ್ರ ಮಂಡ್ಯದ ಕಡೆಯ ಒಂದು ದುಂಡು ಬಣವೆಯನ್ನು ಎಣ್ಣೆ ಟ್ಯಾಂಕು ಎಂದರೆ, ಕಲ್ಯಾಣಿಯನ್ನು ಈಜುಕೊಳ ಎಂದರೆ ತಪ್ಪು ಅದರದಲ್ಲ. ಎಷ್ಟು ಸಾವಿರ ಪ್ರೊಸೆಸರು ಸೇರಿಸಿದರೂ ಅದೇ ತಪ್ಪು ಇನ್ನೂ ಬೇಗ ಆಗುತ್ತದೆ, ಅಷ್ಟೆ.

ಚಿಪ್ಪುಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗಣನೆ ಅಗ್ಗ, ಸಾಗಣೆ ದುಬಾರಿ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಲೆಕ್ಕ ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲಿದೆ: 45 ನ್ಯಾನೊಮೀಟರ್ ಚಿಪ್ಪಿನಲ್ಲಿ 32 ಬಿಟ್ಟಿನ ಒಂದು ದಶಮಾಂಶ ಗುಣಾಕಾರಕ್ಕೆ 3.7 ಪಿಕೋಜೂಲ್ ಶಕ್ತಿ ಸಾಕು, ಆ ಅಂಕಿಯನ್ನು ಹೊರಗಿನ ಮೆಮೊರಿಯಿಂದ ತರಲು 640 ಬೇಕು. ಗೂಗಲಿನ ಮೊದಲ ಟಿಪಿಯು ಚಿಪ್ಪು 256ಕ್ಕೆ 256ರ ಜಾಲದಲ್ಲಿ 65,536 ಗುಣಕಗಳನ್ನು ಕೂರಿಸಿ, ಒಮ್ಮೆ ತಂದ ಅಂಕಿಯನ್ನು ಮೆಮೊರಿಗೆ ವಾಪಸು ಕಳಿಸದೆ ನೆರೆಯಿಂದ ನೆರೆಗೆ ದಾಟಿಸುವುದು ಈ ಸಾಗಣೆ ವೆಚ್ಚ ಉಳಿಸಲೆಂದೇ. ಬಾಹ್ಯಾಕಾಶದಲ್ಲೂ ಇದೇ ಲೆಕ್ಕಾಚಾರ. 2020ರ ಸೆಪ್ಟೆಂಬರಿನಲ್ಲಿ ಹಾರಿದ ಯುರೋಪಿನ ಫೈಸ್ಯಾಟ್-1 ಎಂಬ ಪುಟ್ಟ ಉಪಗ್ರಹದಲ್ಲಿ ಇಂಟೆಲ್ಲಿನ ಒಂದು ಸಣ್ಣ ನರಜಾಲ ಚಿಪ್ಪು ಇತ್ತು. ಮೋಡ ತುಂಬಿದ ಚಿತ್ರಗಳನ್ನು ಅಲ್ಲೇ ಗುರುತಿಸಿ ಎಸೆಯುವುದು ಅದಕ್ಕೆ ವಹಿಸಿದ ಕೆಲಸ. ಕೆಳಗಿಳಿಸಿ ಆಮೇಲೆ ಬಿಸಾಡುವುದಕ್ಕಿಂತ ಮೇಲೆಯೇ ಬಿಸಾಡುವುದು ಲೇಸು. ನನಗೆ ಇದು ಸಮಾಂತರ ಯಂತ್ರದ ಅತ್ಯಂತ ಮರ್ಯಾದಸ್ಥ ಬಳಕೆಗಳಲ್ಲಿ ಒಂದು ಎನ್ನಿಸುತ್ತದೆ. ತಪ್ಪಿದರೂ ಹೋಗುವುದು ಒಂದು ಚಿತ್ರ, ಯಾರ ಸೂರೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 1967ರಲ್ಲಿ ಐಬಿಎಂನ ಜೀನ್ ಆಮ್ಡಾಲ್ ಒಂದು ಸರಳ ಮಾತು ಮುಂದಿಟ್ಟರು. ಕೆಲಸದ 20ರಲ್ಲಿ ಒಂದು ಪಾಲು ಹಂಚಲು ಬಾರದ್ದಾದರೆ, ಉಳಿದ 19 ಪಾಲಿಗೆ ಎಷ್ಟೇ ಪ್ರೊಸೆಸರು ಹಾಕಿದರೂ ವೇಗ 20 ಪಟ್ಟು ದಾಟುವುದಿಲ್ಲ. 100 ಪ್ರೊಸೆಸರಿಗೆ 16.8 ಪಟ್ಟು ಸಿಗುತ್ತದೆ. 1,000ಕ್ಕೆ ಏರಿಸಿ, 19.6. ಒಂಬೈನೂರು ಪ್ರೊಸೆಸರುಗಳ ದುಡ್ಡಿಗೆ ಬಂದ ಲಾಭ ಮೂರು ಪಟ್ಟಿಗೂ ಕಡಿಮೆ. ಎಂಜಿನಿಯರುಗಳು ಈ ನಿಯಮವನ್ನು ಯಂತ್ರದ ಒಳಗೆ ಮಾತ್ರ ಹಚ್ಚುತ್ತಾರೆ. ನಾವು ಅದನ್ನು ಕಚೇರಿಯವರೆಗೆ, ಊರಿನವರೆಗೆ ಎಳೆದು ನೋಡಬೇಕು. ಚಿತ್ರ ತೆಗೆಯುವುದು, ಗುರುತಿಸುವುದು, ಸ್ಥಳಕ್ಕೆ ಹೋಗಿ ತಾಳೆ ನೋಡುವುದು, ಆಕ್ಷೇಪ ಕೇಳುವುದು, ದಾಖಲೆ ಕೊಡುವುದು ಇವೆಲ್ಲ ಸೇರಿದ ಕೆಲಸದಲ್ಲಿ ಗುರುತಿಸುವ ಪಾಲು ಸೊನ್ನೆಗಿಳಿದರೂ ಉಳಿದದ್ದು ಹಾಗೇ ಇರುತ್ತದೆ.

ಇದಕ್ಕೆ ಗಟ್ಟಿಯಾದ ಪ್ರತಿವಾದ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಗಸ್ಟಾಫ್‌ಸನ್ 1988ರಲ್ಲಿ ಹೇಳಿದರು: ದೊಡ್ಡ ಯಂತ್ರ ಸಿಕ್ಕಾಗ ಯಾರೂ ಹಳೆಯ ಚಿಕ್ಕ ಲೆಕ್ಕವನ್ನೇ ಬೇಗ ಮಾಡುತ್ತ ಕೂರುವುದಿಲ್ಲ, ದೊಡ್ಡ ಲೆಕ್ಕಕ್ಕೆ ಕೈ ಹಾಕುತ್ತಾರೆ, ಲೆಕ್ಕ ಹಿಗ್ಗಿದಾಗ ಹಂಚಲಾಗದ ಪಾಲು ಹಿಗ್ಗುವುದಿಲ್ಲ. 1,024 ಪ್ರೊಸೆಸರುಗಳ ಯಂತ್ರದಲ್ಲಿ ಸಾವಿರ ಪಟ್ಟು ಮೀರಿದ ವೇಗ ತೋರಿಸಿಯೇ ಅವರು ಈ ಮಾತಾಡಿದ್ದು. ಆಕಾಶ ಚಿತ್ರಗಳ ಲೋಕದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಪಶ್ಚಿಮ ಆಫ್ರಿಕದ ಮರಗಳು. ಸಹಾರಾ ಮತ್ತು ಸಾಹೇಲ್‌ನ 13 ಲಕ್ಷ ಚದರ ಕಿಲೋಮೀಟರಿನಲ್ಲಿ ಹರಡಿರುವ ಒಂಟಿ ಮರಗಳನ್ನು 2020ರಲ್ಲಿ ಒಂದು ತಂಡ ಎಣಿಸಿತು. ಸಿಕ್ಕದ್ದು 180 ಕೋಟಿ. ಬಳಸಿದ್ದು 11,000ಕ್ಕೂ ಹೆಚ್ಚು ಉಪಗ್ರಹ ಚಿತ್ರ, ಇಲಿನಾಯ್ ವಿಶ್ವವಿದ್ಯಾಲಯದ ಬ್ಲೂ ವಾಟರ್ಸ್ ಸೂಪರ್‌ಕಂಪ್ಯೂಟರ್. ಯಂತ್ರಕ್ಕೆ ಮರ ಎಂದರೇನೆಂದು ಕಲಿಸಲು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮಾರ್ಟಿನ್ ಬ್ರಾಂಟ್ ಸುಮಾರು 90,000 ಮರಗಳನ್ನು ತಾವೇ ಒಂದೊಂದಾಗಿ ಗುರುತು ಹಾಕಿದ್ದರು. ಹಂಚಲಾಗದ ಕೆಲಸ ಅದೇ. 90,000ದ ಬೆವರಿನಿಂದ 180 ಕೋಟಿಯ ಫಲ. ಮರುಭೂಮಿ ಎಂದು ನಾವು ಸುಮ್ಮನೆ ಕರೆಯುವ ಕಡೆ ಇಷ್ಟು ಮರ ಇದೆ ಎಂದು ಜಗತ್ತಿಗೆ ಗೊತ್ತಾದದ್ದು ಸಣ್ಣ ಸಂಗತಿಯಲ್ಲ, ಇದು ಸಮಾಂತರ ಗಣನೆ ಇಲ್ಲದೆ ಆಗುತ್ತಲೂ ಇರಲಿಲ್ಲ.

ಹಾಗಾದರೆ ಗಸ್ಟಾಫ್‌ಸನ್ ಗೆದ್ದರೇ? ಮರಗಳ ವಿಷಯದಲ್ಲಿ ಗೆದ್ದರು. ಏಕೆಂದರೆ ಅಲ್ಲಿ ಬೇಕಾಗಿದ್ದು ಮೊತ್ತ. ಇಲ್ಲೊಂದು ಪೊದೆಯನ್ನು ಮರ ಎಂದರೆ, ಅಲ್ಲೊಂದು ಮರ ತಪ್ಪಿಹೋದರೆ ಒಂದಕ್ಕೊಂದು ಬಹುಮಟ್ಟಿಗೆ ವಜಾ ಆಗುತ್ತದೆ. ಯಾವ ಮರವೂ ಬಂದು ದೂರು ಕೊಡುವುದಿಲ್ಲ. ಮನೆಯ ವಿಷಯ ಹಾಗಲ್ಲ.

2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಹಳ್ಳಿಗಳ ವಾಸದ ಪ್ರದೇಶವನ್ನು, ನಮ್ಮ ಕಡೆ ಗ್ರಾಮಠಾಣಾ ಎನ್ನುವುದನ್ನು, ಸರ್ವೆ ಆಫ್ ಇಂಡಿಯಾದವರು ಡ್ರೋನ್‌ನಿಂದ ಚಿತ್ರ ತೆಗೆದು ಮನೆಮನೆಗೆ ಆಸ್ತಿಯ ದಾಖಲೆ ಕೊಡಿಸುವ ಯೋಜನೆ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಿತ್ರದ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 5 ಸೆಂಟಿಮೀಟರ್. 20 ಹೆಕ್ಟೇರಿನ ಊರು ಎಂದರೆ ಎಂಟು ಕೋಟಿ ಪಿಕ್ಸೆಲ್, 640ರ ಲೆಕ್ಕದಲ್ಲಿ ಸುಮಾರು 200 ತುಂಡು. ಮಾರುಕಟ್ಟೆಯಲ್ಲಿ ಸಿಗುವ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡು ಇದರಲ್ಲಿನ ಮಾಡುಗಳನ್ನೆಲ್ಲ ಕೆಲವು ಸೆಕೆಂಡಿನಲ್ಲಿ ಹುಡುಕಿಬಿಡುತ್ತದೆ. ಹಂಚಿನ ಮಾಡು, ಶೀಟಿನ ಮಾಡು, ಆರ್‌ಸಿಸಿ ಎಂದು ಬೇರೆ ಮಾಡಿಯೂ ಕೊಟ್ಟೀತು.

ಆದರೆ ಡ್ರೋನ್ ಹಾರುವ ಮುಂಚೆ ಊರಿನಲ್ಲಿ ಒಂದು ಕೆಲಸ ಆಗಬೇಕು. ಜನ ತಮ್ಮ ತಮ್ಮ ಜಾಗದ ಸುತ್ತ ಸುಣ್ಣದ ಪುಡಿಯಿಂದ ಗೆರೆ ಹಾಕಬೇಕು. ಮೇಲಿಂದ ನೋಡುವ ಕ್ಯಾಮರಾಕ್ಕೆ ಮಾಡು ಕಾಣುತ್ತದೆ, ಗೋಡೆ ಕಾಣುವುದಿಲ್ಲ. ಸೂರಿನಂಚು ಗೋಡೆಗಿಂತ ಎರಡು ಅಡಿ ಹೊರಗೆ ಚಾಚಿರುತ್ತದೆ. ಹಿತ್ತಲಿನ ಹುಣಸೆಮರದ ಕೆಳಗೆ ಏನಿದೆಯೋ ತಿಳಿಯದು. ಎಲ್ಲಕ್ಕಿಂತ ಹೆಚ್ಚಾಗಿ, ಗಡಿ ಎಂಬುದು ನೆಲದ ಮೇಲೆ ಬಿದ್ದಿರುವ ಒಂದು ವಸ್ತುವಲ್ಲ. ಎರಡು ಮನೆಯವರು ಒಪ್ಪಿಕೊಂಡಿರುವ ಸಂಗತಿ ಅದು, ಅಥವಾ ಒಪ್ಪದೆ ಮೂವತ್ತು ವರ್ಷದಿಂದ ಮುಖ ತಿರುಗಿಸಿಕೊಂಡಿರುವ ಸಂಗತಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಅಂಗಳದ ನಡುವೆ ಯಾವ ಗೆರೆಯೂ ಇಲ್ಲ. ಸುಣ್ಣ ಬಿದ್ದ ಮೇಲೆಯೇ ಅದು ಕ್ಯಾಮರಾದ ಪಾಲಿಗೆ ಹುಟ್ಟುತ್ತದೆ. ಆ ಗೆರೆ ಎಳೆಯುವಾಗ ಪಕ್ಕದ ಮನೆಯವರು ಬಂದು ನಿಂತು ‘ಇಲ್ಲಿಂದಲ್ಲ, ಅಲ್ಲಿಂದ’ ಎನ್ನುತ್ತಾರೆ. ಊರ ಹಿರಿಯರೊಬ್ಬರು ಹಳೆಯ ಕಲ್ಲು ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳುತ್ತಾರೆ. ಆಮೇಲೆ ನಕ್ಷೆ ಬಂದಾಗ ಮತ್ತೆ ಊರಿಗೆ ಹೋಗಿ ತಾಳೆ ನೋಡಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು. ಇಲ್ಲಿ ಲೆಕ್ಕ ಹಿಗ್ಗಿದ ಹಾಗೆಲ್ಲ ಹಂಚಲಾಗದ ಪಾಲೂ ಹಿಗ್ಗುತ್ತದೆ. ಸಾವಿರ ಮನೆಗೆ ಸಾವಿರ ವಿಚಾರಣೆ. ಒಂದು ಮನೆಯ ತಪ್ಪು ಇನ್ನೊಂದು ಮನೆಯ ತಪ್ಪಿನಿಂದ ವಜಾ ಆಗುವುದಿಲ್ಲ. ನೂರಕ್ಕೆ 95 ಸರಿ ಎಂದರೆ ಐದು ಮನೆಯವರಿಗೆ ಪೂರ್ತಿ ತಪ್ಪು ಎಂದೇ ಅರ್ಥ. ಮೊತ್ತಕ್ಕೆ ಬೇಕಾದ ಗುರುತಿಸುವಿಕೆ ಬೇರೆ, ಒಬ್ಬೊಬ್ಬರ ಹಕ್ಕಿಗೆ ಬೇಕಾದ ಗುರುತಿಸುವಿಕೆ ಬೇರೆ. ಮೊದಲನೆಯದಕ್ಕೆ ಗಸ್ಟಾಫ್‌ಸನ್ ಸರಿ, ಎರಡನೆಯದಕ್ಕೆ ಆಮ್ಡಾಲ್ ಸರಿ. ಎರಡಕ್ಕೂ ಒಂದೇ ಸಾಫ್ಟ್‌ವೇರು ಒಂದೇ ಉತ್ಸಾಹದಲ್ಲಿ ಮಾರಾಟವಾಗುತ್ತಿರುವುದು ಗೊಂದಲದ ಮೂಲ.

ವಿಪತ್ತಿನಲ್ಲಿ ವೇಗವೇ ಜೀವ ಅಲ್ಲವೇ ಎಂದು ಕೇಳುವವರಿದ್ದಾರೆ. ನಿಜ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಲ್ಲಿ ದಾರಿ ಕಡಿದಿದೆ, ಎಲ್ಲಿ ಮಾಡು ಮಣ್ಣಿನಡಿ ಹೋಗಿದೆ ಎಂದು ಬೇಗ ತಿಳಿಯುವುದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಆದರೆ ಅಂಥ ಮಳೆಯ ದಿನಗಳಲ್ಲಿ ಸಾಮಾನ್ಯ ಉಪಗ್ರಹ ಕ್ಯಾಮರಾ ಕಾಣುವುದು ಮೋಡದ ಬೆನ್ನನ್ನು. ಮೋಡ ತೂರಿ ನೋಡುವ ರೇಡಾರ್ ಉಪಗ್ರಹ ಬೇಕು. 2022ರ ಫೆಬ್ರುವರಿಯಲ್ಲಿ ಇಸ್ರೋ ಹಾರಿಸಿದ ಇಒಎಸ್-04 ಅಂಥದ್ದು. ಅದು ನಮ್ಮ ಗುಡ್ಡದ ಮೇಲೆ ಯಾವಾಗ ಹಾಯುತ್ತದೆ ಎಂಬುದು ಕಕ್ಷೆಗೆ ಬಿಟ್ಟದ್ದು. ಇಲ್ಲೂ ಕುತ್ತಿಗೆ ಹಿಸುಕುವ ಜಾಗ ಪ್ರೊಸೆಸರಲ್ಲ.

ಅತಿ ಬೇಗ, ಅತಿ ಸ್ಪಷ್ಟವಾಗಿ ನೋಡಿಯೂ ತಪ್ಪಬಹುದು ಎಂಬುದಕ್ಕೆ ಕಾಬೂಲಿನ ಘಟನೆ ಸಾಕು. 2021ರ ಆಗಸ್ಟ್ 29ರಂದು ಅಮೆರಿಕದ ಸೇನೆ ಒಂದು ಬಿಳಿ ಟೊಯೊಟಾ ಕಾರನ್ನು ಗಂಟೆಗಟ್ಟಲೆ ಆಕಾಶದಿಂದ ಹಿಂಬಾಲಿಸಿ, ಕೊನೆಗೆ ಅದರ ಮೇಲೆ ಕ್ಷಿಪಣಿ ಹಾರಿಸಿತು. ಸತ್ತ ಹತ್ತು ಜನರಲ್ಲಿ ಏಳು ಮಕ್ಕಳು. ಎಲ್ಲರೂ ನಾಗರಿಕರು ಎಂದು ಸೇನೆ ಸೆಪ್ಟೆಂಬರ್ 17ರಂದು ಒಪ್ಪಿಕೊಂಡಿತು. ನೋಡುತ್ತಿದ್ದವರು ಮನುಷ್ಯರೇ. ಕಾರನ್ನು ಕಾರೆಂದೇ ಕಂಡರು, ಅದಕ್ಕೆ ಹೇರಿದ ಡಬ್ಬಗಳನ್ನು ಡಬ್ಬಗಳೆಂದೇ ಕಂಡರು. ಅವುಗಳಲ್ಲಿ ನೀರಿತ್ತು, ಸ್ಫೋಟಕವಲ್ಲ ಎಂಬುದು ಚಿತ್ರದಲ್ಲಿ ಇರಲಿಲ್ಲ. ವಸ್ತು ಗುರುತಿಸುವಿಕೆಯ ಯಾವ ಪರೀಕ್ಷೆಯಲ್ಲೂ ಅವರಿಗೆ ಪೂರ್ಣಾಂಕ ಸಿಗುತ್ತಿತ್ತು. ಯೋಲೋ ಬರೆದ ರೆಡ್ಮನ್ 2020ರಲ್ಲೇ ಈ ಕ್ಷೇತ್ರದ ಸಂಶೋಧನೆ ನಿಲ್ಲಿಸಿದ್ದಾಗಿ ಹೇಳಿದ್ದರು, ಸೇನಾ ಬಳಕೆ ಮತ್ತು ಖಾಸಗಿತನದ ಚಿಂತೆಯಿಂದ. ನಾನು ಅವರಷ್ಟು ದೂರ ಹೋಗಲಾರೆ. ಮೋಡ ಎಸೆಯುವ, ಮರ ಎಣಿಸುವ ಯಂತ್ರ ನನಗೆ ಬೇಕು.

ದುಡ್ಡಿನ ಮಾತಿಗೆ ಬಂದರೆ, 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ ಐದು ವರ್ಷಕ್ಕೆ 10,372 ಕೋಟಿ ರೂಪಾಯಿ ಒಪ್ಪಿತು. 10,000 ಜಿಪಿಯುಗಳಿಗೆ (ಗ್ರಾಫಿಕ್ಸ್ ಕಾರ್ಡಿನ ಚಿಪ್ಪುಗಳಿಗೆ) ಕಡಿಮೆಯಿಲ್ಲದ ಗಣನಶಕ್ತಿ ಒದಗಿಸುವುದು ಅದರ ಮೊದಲ ಘೋಷಣೆಗಳಲ್ಲೊಂದು. ಬೇಡ ಎನ್ನುವ ಹುಂಬತನ ನನಗಿಲ್ಲ. ಆದರೆ 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದವರು ಇಂಟೆಲ್ 8086ರಂಥ ಪೇಟೆಯ ಚಿಪ್ಪುಗಳನ್ನೇ ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದಾಗ ಅವರ ಕೈಯಲ್ಲಿ ಮೊದಲು ಇದ್ದದ್ದು ಲೆಕ್ಕ, ಗಾಳಿ ನೀರಿನ ಹರಿವಿನ ಸಮೀಕರಣಗಳು. ಯಂತ್ರ ಆಮೇಲೆ ಬಂತು. ಗೊಡಾರ್ಡಿನಲ್ಲೂ ಚಿತ್ರ ಮೊದಲು, ಯಂತ್ರ ಆಮೇಲೆ. ಈಗ ಕಾರ್ಡು ಕೊಂಡು ಕೆಲಸ ಹುಡುಕುವ ಇಲಾಖೆಗಳೇ ಹೆಚ್ಚು. ಅವರ ಟೆಂಡರಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಗಣನೆ ಎಂದು ಬರೆಯುವ ಜಾಗದಲ್ಲೇ ಇನ್ನೂ ಎರಡು ಸಾಲು ಬರೆಸಬೇಕು. ಬಣವೆ, ಕಣ, ಕಲ್ಯಾಣಿಗೆ ಗುರುತು ಹಾಕಲು ಎಷ್ಟು ಜನ, ಎಷ್ಟು ತಿಂಗಳು? ಯಂತ್ರ ಹೇಳಿದ್ದನ್ನು ಊರಿಗೆ ಹೋಗಿ ತಾಳೆ ನೋಡುವ ಸರ್ವೆಯರು ಎಷ್ಟು ಜನ? ಮೊದಲ ಸಾಲಿನ ಖರ್ಚು ಒಂದೇ ಸಲದ್ದು. ಎರಡನೆಯದು ಊರೂರಿಗೂ ಆಗುವಂಥದ್ದು, ಯಂತ್ರ ಚುರುಕಾದಷ್ಟೂ ಏರುವಂಥದ್ದು, ಏಕೆಂದರೆ ನಿನ್ನೆ ಹತ್ತು ಊರಿನ ನಕ್ಷೆ ಬರುತ್ತಿದ್ದ ಮೇಜಿಗೆ ನಾಳೆ ನೂರು ಊರಿನದು ಬಂದು ಬೀಳುತ್ತದೆ.

ಮೂರನೆಯದಾಗಿ, ಭರವಸೆಯ ಆ ಅಂಕಿ. ಎಷ್ಟು ದಾಟಿದರೆ ‘ಮನೆ ಇದೆ’, ಎಷ್ಟು ಇಳಿದರೆ ‘ಇಲ್ಲ’? ನೆರೆಯ ದಿನ ಅದನ್ನು 0.2ಕ್ಕೆ ಇಳಿಸಿದರೂ ನಡೆದೀತು, ದೋಣಿ ಒಮ್ಮೆ ಸುಮ್ಮನೆ ಹೋಗಿ ಬಂದರೆ ನಷ್ಟವಿಲ್ಲ. ಒತ್ತುವರಿ ತೆರವಿನ ನೋಟಿಸು ಕಳಿಸುವಾಗ 0.9 ಕೂಡ ಸಾಲದು. ಬಹಳ ಸಲ ಈ ಅಂಕಿಯನ್ನು ಯಾರೂ ಆರಿಸಿರುವುದೇ ಇಲ್ಲ. ಸಾಫ್ಟ್‌ವೇರಿನ ಜೊತೆಯಲ್ಲೇ ಬಂದದ್ದು, ಹಾಗೇ ಉಳಿದದ್ದು. ನೋಟಿಸು ಹೊರಡುವ ಕಡತದಲ್ಲಿ ಆ ಅಂಕಿ ಎಷ್ಟಿತ್ತು, ಅದನ್ನು ಯಾವ ಅಧಿಕಾರಿ ಯಾವ ಕಾರಣಕ್ಕೆ ಇಟ್ಟರು ಎಂಬ ಟಿಪ್ಪಣಿ ಇರಬೇಕು, ಕೆಳಗೆ ಸಹಿ ಇರಬೇಕು, ಕೇಳಿದವರಿಗೆ ಅದರ ನಕಲು ಸಿಗಬೇಕು.